ಕೆತ್ತನೆಯ ಕರಿಮಡಕೆಗಳು

ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತ್ಯದಲ್ಲಿ, ರಿಯೋ ಗ್ರಾಂಡೆ ನದಿಯ ಬಳಿ, ಸಾಂತಾ ಕ್ಲಾರಾ ಮತ್ತು ಸಾನ್ ಇಲ್ಡೆಫಾನ್ಸೊ ಎಂಬ ಎರಡು ಹಳ್ಳಿಗಳಿವೆ. ತೇವಾ ನುಡಿಯನ್ನಾಡುವ ಅಲ್ಲಿಯ ಮೂಲನಿವಾಸಿಗಳನ್ನು ಪ್ಯೂಬ್ಲೊ ಜನರೆಂದು ಕರೆಯುವುದು ವಾಡಿಕೆ. ಇವರ ಕೆತ್ತನೆಯ ಕರಿಮಡಕೆಯೊಂದನ್ನು ಮೊದಲು ಕಂಡಾಗ ಅದು ಎರಕದ ಲೋಹವೆಂದೇ ನಾವು ಭ್ರಮಿಸಿದೆವು. ಕೈಗೆತ್ತಿಕೊಂಡ ಮೇಲೆ ಮಣ್ಣೆಂದು ತಿಳಿಯಿತು. ಸಂಗ್ರಾಹಕರು ಇಂತಹ ಪಾತ್ರೆಗಳಿಗೆ ದೊಡ್ಡ ಬೆಲೆ ತೆರುತ್ತಾರೆ. ತೆರುವ ಮುನ್ನ ನೋಡಬೇಕಾದುದೇನು? ತಳದ ಮೇಲಿನ ರುಜುವನ್ನು ಎಂಬುದು ಹಲವರ ಉತ್ತರ. ನಮಗೆ ಅದು ಸಾಲದೆಂದು ತೋರುತ್ತದೆ.

ನಮ್ಮ ಕುಂಬಾರನಂತೆ ಇವರಿಗೆ ತಿಗರಿಯಿಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿಯನ್ನು ಬೆರೆಸಿ ನಾದಿ, ಹಗ್ಗದಂತೆ ಹೊಸೆದ ಮಣ್ಣನ್ನು ಸುತ್ತುಸುತ್ತಾಗಿ ಏರಿಸಿ, ಒಳಹೊರಗೆ ತೀಡಿ ಪಾತ್ರೆಯನ್ನು ಕಟ್ಟುತ್ತಾರೆ. ಹಸಿಯಾರದೆ ಸ್ವಲ್ಪ ಬಿಗಿದಿರುವಾಗಲೇ ಕೆತ್ತನೆ ಆಗಬೇಕು. ನೀರಿನ ದೇವತೆಯಾದ ಅವನ್ಯು ಎಂಬ ಕೊಂಬಿನ ಸರ್ಪ ಅಲ್ಲಿ ಬಹಳ ಮೆಚ್ಚಿನ ಚಿತ್ರ. ಕರಡಿಯ ಹೆಜ್ಜೆಯನ್ನು ಮೈಯಲ್ಲಿ ಒತ್ತುವುದು ಸಾಂತಾ ಕ್ಲಾರಾದವರ ರೂಢಿ. ಪಾತ್ರೆ ಒಣಗಿದ ಬಳಿಕ ಉಬ್ಬಿದ ಭಾಗಕ್ಕೆ ತಿಳಿಮಣ್ಣು ಬಳಿದು, ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಹೊಳಪಿನ ರಹಸ್ಯ ಆ ಕಲ್ಲು, ಗಾಜಿನ ಲೇಪವಲ್ಲ. ತಗ್ಗಿನಲ್ಲಿ ಕಲ್ಲು ಆಡದುದರಿಂದ ಅಲ್ಲಿ ಮಂಕು ಉಳಿಯುತ್ತದೆ.

ಕಪ್ಪು ಬಣ್ಣವನ್ನು ಯಾರೂ ಬಳಿಯುವುದಿಲ್ಲ. ಬಯಲಿನಲ್ಲಿ ಸುಡುವಾಗ ಬೆಂಕಿ ಹದಕ್ಕೆ ಬಂದೊಡನೆ ಪುಡಿಮಾಡಿದ ಕುದುರೆಯ ಲದ್ದಿಯಿಂದ ಅದನ್ನು ಮುಚ್ಚಿಬಿಡುತ್ತಾರೆ. ಗಾಳಿ ಸಿಗದೆ ಹೊಗೆಯ ಮಸಿ ಮಣ್ಣಿನ ಮೈಯಲ್ಲಿ ಸೇರುವುದು. ಮಣ್ಣಿನೊಳಗಿನ ಕಬ್ಬಿಣವೂ ಕರಿದಾಗುವುದು. ಮುಚ್ಚದಿದ್ದರೆ ಅದೇ ಪಾತ್ರೆ ಕೆಂಪಾಗಿ ಹೊರಬರುತ್ತದೆ! ತಿಂಗಳ ದುಡಿಮೆ ಈ ಒಂದು ಗಳಿಗೆಯಲ್ಲಿ ಸಿಡಿದುಹೋಗುವುದೂ ಉಂಟು.

ಈಗ ರುಜುವಿನ ಮಾತು. ಹಿಂದೆ ಆ ಹಳ್ಳಿಗಳಲ್ಲಿ ಅಂತಹ ಪದ್ಧತಿಯಿರಲಿಲ್ಲ. ಕೊಳ್ಳುವವರ ಬಯಕೆಯೇ ಅದನ್ನು ತಂದಿತು. ಸಾನ್ ಇಲ್ಡೆಫಾನ್ಸೊದ ಮರಿಯಾ ಮಾರ್ಟಿನೆಸ್ ತಮ್ಮ ಪತಿ ಜೂಲಿಯನ್ ಅವರೊಡನೆ 1919ರ ಸುಮಾರಿನಲ್ಲಿ ಕಪ್ಪಿನ ಮೇಲೆ ಮಂಕುಗಪ್ಪಿನ ಚಿತ್ರ ಬರೆಯುವ ಬಗೆಯನ್ನು ಕಂಡುಕೊಂಡು ಪ್ರಸಿದ್ಧರಾದರು. ಅವರ ಹೆಸರಿಗೆ ಬೆಲೆ ಬಂದ ಮೇಲೆ, ನೆರೆಯವರು ಕೇಳಿದಾಗ ಅವರ ಮಡಕೆಗಳ ಮೇಲೂ ಆಕೆ ತಮ್ಮ ಹೆಸರು ಬರೆದುಕೊಟ್ಟರೆಂದು ಹೇಳುತ್ತಾರೆ. ಸಂಗ್ರಾಹಕರಿಗೆ ಇದು ತಲೆನೋವು. ನಮಗೆ ಮಾತ್ರ ಆ ಔದಾರ್ಯ ಪ್ರಿಯವಾಗಿ ಕಾಣುತ್ತದೆ. ಕೆತ್ತನೆಯ ಕೆಲಸದಲ್ಲಿ ಸಾಂತಾ ಕ್ಲಾರಾದ ಮಾರ್ಗರೆಟ್ ತಫೋಯಾ (1904–2001) ಅವರ ಬೃಹತ್ ಹರವಿಗಳು ಹೆಸರುವಾಸಿ.

ಹಾಗಾದರೆ ಕೊಳ್ಳುವವನು ಕೆತ್ತನೆಯ ಅಂಚು ಗಟ್ಟಿಯಾಗಿದೆಯೆ, ಹೊಳಪಿನಲ್ಲಿ ಕಲ್ಲು ಓಡಿದ ಗೆರೆಗಳು ಕಾಣುತ್ತವೆಯೆ, ಒಳಮೈಯಲ್ಲಿ ಬೆರಳಿನ ಏರಿಳಿತ ಕೈಗೆ ಸಿಗುತ್ತದೆಯೆ ಎಂದು ನೋಡಲಿ. ಅಚ್ಚಿನಲ್ಲಿ ಎರೆದು ವಿದ್ಯುತ್ ಆವಿಗೆಯಲ್ಲಿ ಸುಟ್ಟ ಪಾತ್ರೆಯನ್ನು ಬೆರಳಿನಿಂದ ತಟ್ಟಿದರೆ ಸಾಮಾನ್ಯವಾಗಿ ಗಂಟೆಯಂತೆ ನುಡಿಯುತ್ತದೆ. ಬಯಲಿನಲ್ಲಿ ಸುಟ್ಟದ್ದು ಮಂದವಾಗಿ. ಪರರ ಕೆಲಸವನ್ನು ಮೂಲನಿವಾಸಿಗಳದೆಂದು ಮಾರುವುದು ಅಲ್ಲಿ 1990ರ ಕಾನೂನಿನಂತೆ ಅಪರಾಧ.

ಕೊಂಡು ತಂದವರು ಅದರಲ್ಲಿ ಹೂವಿಗೆಂದು ನೀರು ತುಂಬಬಾರದು. ಮಂದವಾದ ಬೆಂಕಿಯಲ್ಲಿ ಬೆಂದ ಮಣ್ಣು ನೀರನ್ನು ಹೀರುತ್ತದೆ. ಹಾಗೆ ಕೆಟ್ಟ ಹೊಳಪು ಮತ್ತೆ ಯಾವ ಕಲ್ಲಿಗೂ ಮರಳದು.