ಜ್ಞಾಪಕಶಕ್ತಿ

ಪರೀಕ್ಷೆಗಳು ಸಮೀಪಿಸಿದಂತೆಲ್ಲ, "ಎಷ್ಟು ಓದಿದರೂ ನನ್ನ ಜ್ಞಾಪಕದಲ್ಲಿ ನಿಲ್ಲುವುದಿಲ್ಲ" ಎಂಬ ಮಾತು ವಿದ್ಯಾರ್ಥಿನಿಯರ ಬಾಯಿಂದ ಅಡಿಗಡಿಗೆ ಕೇಳಿಬರುತ್ತದೆ. ಜ್ಞಾಪಕಶಕ್ತಿಯು ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಅಳೆದು ಕೊಟ್ಟಿರುವ ಸೊತ್ತೆಂದೂ, ತಮ್ಮ ಪಾಲಿಗೆ ಬಂದುದು ಅಲ್ಪವೆಂದೂ ಭಾವಿಸಿ ಅನೇಕ ಬಾಲಿಕೆಯರು ಧೈರ್ಯಗುಂದುತ್ತಾರೆ. ಮನೆಯ ಹಿರಿಯರು ಸಹ, "ಇವಳ ತಲೆಗೆ ವಿದ್ಯೆ ಹತ್ತದು" ಎಂದು ನಿಶ್ಚಯಿಸಿ ಶಾಲೆಯನ್ನು ಬಿಡಿಸಿಬಿಡುವುದುಂಟು. ಈ ತೀರ್ಪು ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು, ಮಿದುಳಿನ ವಿಷಯವಾಗಿ ಶಾಸ್ತ್ರಜ್ಞರು ಕಂಡುಕೊಂಡಿರುವ ಸಂಗತಿಗಳ ಬೆಳಕಿನಲ್ಲಿ ವಿಚಾರಿಸೋಣ.

ಕಣಜದಲ್ಲಿ ಧಾನ್ಯವನ್ನು ತುಂಬಿಡುವಂತೆ ಮಿದುಳಿನಲ್ಲಿ ವಿಷಯಗಳನ್ನು ತುಂಬಿಡುತ್ತೇವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ವಾಸ್ತವದಲ್ಲಿ ಅಂಥ ಕಣಜವೊಂದು ಮಿದುಳಿನಲ್ಲಿಲ್ಲ. ಅಲ್ಲಿರುವುದು ಸುಮಾರು 8,600 ಕೋಟಿ ನರಕೋಶಗಳು, ಮತ್ತು ಅವುಗಳನ್ನು ಒಂದಕ್ಕೊಂದು ಕೂಡಿಸುವ ಲೆಕ್ಕವಿಲ್ಲದಷ್ಟು ಸಂಧಿಗಳು. ನಾವು ಹೊಸದೊಂದನ್ನು ಕಲಿಯುವಾಗ ಕೆಲವು ಕೋಶಗಳು ಒಟ್ಟಾಗಿ ಚೇತನಗೊಳ್ಳುತ್ತವೆ. ಆಗ ಅವುಗಳ ನಡುವಣ ಸಂಧಿಗಳು ಬಲಗೊಳ್ಳುತ್ತವೆ. ಹುಲ್ಲುಗಾವಲಿನಲ್ಲಿ ಜನರು ನಡೆನಡೆದು ಕಾಲುದಾರಿಯು ಮೂಡುವಂತೆಯೇ ಇದೂ ಸರಿ. ಎರಿಕ್ ಕ್ಯಾಂಡೆಲ್ ಎಂಬ ವಿದ್ವಾಂಸರು ಬಸವನಹುಳುವಿನ ವರ್ಗಕ್ಕೆ ಸೇರಿದ ಒಂದು ಕಡಲಪ್ರಾಣಿಯನ್ನು ಪರೀಕ್ಷಿಸಿ, ಅಲ್ಪಕಾಲ ನಿಲ್ಲುವ ನೆನಪಿಗೆ ಇದ್ದ ಸಂಧಿಗಳು ಬಲಗೊಂಡರೆ ಸಾಕೆಂದೂ, ಬಹುಕಾಲ ನಿಲ್ಲುವ ನೆನಪಿಗಾದರೋ ಹೊಸ ಪ್ರೋಟೀನುಗಳು ಉತ್ಪನ್ನವಾಗಿ ಹೊಸ ಸಂಧಿಗಳೇ ಬೆಳೆಯಬೇಕೆಂದೂ ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬೆಳವಣಿಗೆಗೆ ಕಾಲವು ಬೇಕೆಂಬುದನ್ನು ಓದುಗರು ಇಲ್ಲಿಯೇ ಗಮನಿಸಬೇಕು.

ನೆನಪು ಮಿದುಳಿನ ಯಾವ ಭಾಗದಲ್ಲಿ ರೂಪುಗೊಳ್ಳುತ್ತದೆಂಬುದು ಒಬ್ಬ ಮನುಷ್ಯನ ದೌರ್ಭಾಗ್ಯದಿಂದ ಲೋಕಕ್ಕೆ ತಿಳಿದುಬಂದಿತು. ಅಮೇರಿಕೆಯ ಹೆನ್ರಿ ಮೊಲೈಸನ್ ಎಂಬ ತರುಣನು ಬಾಲ್ಯದಿಂದ ಮೂರ್ಛೆರೋಗದಿಂದ ನರಳುತ್ತಿದ್ದನು. 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಪಾರ್ಶ್ವಗಳಿಂದ, ಕಡಲಕುದುರೆಯ ಆಕಾರವುಳ್ಳ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಅದರ ನೆರೆಯ ಭಾಗಗಳನ್ನೂ ತೆಗೆದರು. ರೋಗವೇನೋ ತಗ್ಗಿತು, ಬುದ್ಧಿಯೂ ಮಾತೂ ಕುಂದಲಿಲ್ಲ, ಬಾಲ್ಯದ ಸಂಗತಿಗಳೂ ಉಳಿದುವು. ಆದರೆ ಅಂದಿನಿಂದ 2008ರಲ್ಲಿ ಮೃತನಾಗುವ ವರೆಗೂ ಹೊಸ ಸಂಗತಿಗಳು ಅವನ ಜ್ಞಾಪಕದಲ್ಲಿ ನಿಲ್ಲದಾದುವು. ಈಗತಾನೆ ಮಾತಾಡಿ ಹೋದವರು ಮರಳಿ ಬಂದರೆ ಅವನಿಗೆ ಅಪರಿಚಿತರೇ.

ಇವನನ್ನು ಬಹು ವರ್ಷ ಪರೀಕ್ಷಿಸಿದವರು ಬ್ರೆಂಡಾ ಮಿಲ್ನರ್ ಎಂಬ ವಿದುಷಿ. ಅವರು ಹೆನ್ರಿಯ ಮುಂದೆ ಜೋಡಿಗೆರೆಗಳ ನಕ್ಷತ್ರವೊಂದನ್ನಿರಿಸಿ, ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ಆ ಗೆರೆಗಳ ನಡುವೆ ಬರೆಯುವಂತೆ ಹೇಳಿದರು. ಮೂರು ದಿನಗಳಲ್ಲಿ ಅವನ ತಪ್ಪುಗಳು ಕಡಿಮೆಯಾಗುತ್ತ ಬಂದುವು. ಆದರೂ ತಾನು ಆ ಕೆಲಸವನ್ನು ಹಿಂದೆ ಮಾಡಿದ್ದೆನೆಂಬುದೇ ಅವನಿಗೆ ನೆನಪಿರಲಿಲ್ಲ! ಕೈ ಕಲಿಯುವ ಜ್ಞಾಪಕವು ಬೇರೆ, ಸಂಗತಿಗಳ ಜ್ಞಾಪಕವು ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು. ಹೊಲಿಗೆಯಲ್ಲಿ ಚುರುಕಾದವಳು ಚರಿತ್ರೆಯ ಇಸವಿಗಳನ್ನು ಮರೆತರೆ ಆಶ್ಚರ್ಯವಿಲ್ಲ. ಜ್ಞಾಪಕವು ಒಂದಲ್ಲ, ಹಲವು.

ಹಿಪೊಕ್ಯಾಂಪಸ್ ರೂಪಿಸಿದ ನೆನಪುಗಳು ಮೆಲ್ಲಮೆಲ್ಲನೆ ಮಿದುಳಿನ ಹೊರಪದರದಲ್ಲಿ ನೆಲೆಗೊಳ್ಳುತ್ತವೆ. ಈ ಕಾರ್ಯಕ್ಕೆ ನಿದ್ರೆಯು ಸಹಾಯಕವಾದುದು. ಇಲಿಗಳು ಎಚ್ಚರವಾಗಿದ್ದಾಗ ಯಾವ ಕೋಶಗಳು ಜತೆಯಾಗಿ ಚೇತನಗೊಂಡಿದ್ದುವೋ ಅವೇ ನಿದ್ರೆಯಲ್ಲಿ ಪುನಃ ಜತೆಯಾಗಿ ಚೇತನಗೊಳ್ಳುವುದನ್ನು ಶಾಸ್ತ್ರಜ್ಞರು ಕಂಡಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಉರುಹೊಡೆಯುವವಳು ಈ ಕಾರ್ಯಕ್ಕೆ ತಾನೇ ಅಡ್ಡಿಯನ್ನು ತಂದುಕೊಳ್ಳುತ್ತಾಳೆ.

ಇನ್ನು ಮರೆವಿನ ವಿಚಾರ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಅಕ್ಷರಸಮೂಹಗಳನ್ನು ಬಾಯಿಪಾಠ ಮಾಡಿ, ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಅದರ ಫಲವನ್ನು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಕಲಿತುದರ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನಕ್ಕೆ ಸುಮಾರು ಮೂರರಲ್ಲಿ ಒಂದು ಪಾಲೂ, ಒಂದು ತಿಂಗಳಿಗೆ ಸುಮಾರು ಐದರಲ್ಲಿ ಒಂದು ಪಾಲೂ ಉಳಿದಿದ್ದುವು. ಇಂಥ ಪಂಡಿತರೇ ಇಷ್ಟನ್ನು ಮರೆತಿರುವಲ್ಲಿ, ನಿನ್ನೆಯ ಪಾಠವನ್ನು ಮರೆತ ಹುಡುಗಿಯನ್ನು ಮಂದಮತಿಯೆಂದು ಹೇಗೆ ಕರೆಯೋಣ? ಅವರು ಮತ್ತೊಂದನ್ನೂ ಕಂಡರು: ಒಂದೇ ದಿನ ಎಡೆಬಿಡದೆ 68 ಸಲ ಪಠಿಸಿದುದರಿಂದ ದೊರೆತ ಫಲವು, ಮೂರು ದಿನಗಳಿಗೆ ಹಂಚಿ 38 ಸಲ ಪಠಿಸಿದುದರಿಂದಲೇ ದೊರೆಯಿತು.

ಕಡೆಯದಾಗಿ, ನೆನಪನ್ನು ಹೊರಗೆ ತರುವ ವಿಷಯ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಅಮೇರಿಕನ್ ವಿದ್ವಾಂಸರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಗಳಲ್ಲಿಯೂ ಅದನ್ನು ಓದಿತು. ಮತ್ತೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠವನ್ನು ನೋಡದೆ ನೆನಪಿದ್ದುದನ್ನು ಬರೆಯಿತು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದವರಲ್ಲಿ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯ ಪರೀಕ್ಷಿಸಿದವರಲ್ಲಾದರೋ, ಓದುತ್ತಲೇ ಇದ್ದವರಿಗೆ ನೂರಕ್ಕೆ 40 ಪಾಲೂ, ಬರೆದು ನೋಡಿದವರಿಗೆ 61 ಪಾಲೂ ನೆನಪಿನಲ್ಲಿತ್ತು. ವಿಚಿತ್ರವೇನೆಂದರೆ, ತಮಗೆ ಚೆನ್ನಾಗಿ ನೆನಪಿರುವುದೆಂಬ ಭರವಸೆಯು ಓದುತ್ತಲೇ ಇದ್ದವರಿಗೆ ಹೆಚ್ಚಾಗಿತ್ತು. ಕಣ್ಣಿಗೆ ಪರಿಚಿತವಾದುದೆಲ್ಲ ಮನಸ್ಸಿಗೆ ವಶವಾಗಿದೆಯೆಂದು ನಂಬುವುದು ಭ್ರಾಂತಿಯೇ ಸರಿ. ಕಣಜದಿಂದ ತೆಗೆದಷ್ಟೂ ಧಾನ್ಯವು ಕಡಿಮೆಯಾಗುತ್ತದೆ. ಜ್ಞಾಪಕದಿಂದ ತೆಗೆದಷ್ಟೂ ಅದು ದೃಢವಾಗುತ್ತದೆ.

ಆದುದರಿಂದ ಪ್ರಿಯ ವಿದ್ಯಾರ್ಥಿನಿಯರೇ, ಪಾಠವನ್ನು ಒಮ್ಮೆ ಮನಸ್ಸಿಟ್ಟು ಓದಿ ಪುಸ್ತಕವನ್ನು ಮುಚ್ಚಿರಿ. ಓದಿದುದನ್ನು ನಿಮ್ಮ ಮಾತಿನಲ್ಲಿಯೇ ಹೇಳಿಕೊಳ್ಳಿರಿ, ಇಲ್ಲವೆ ತಂಗಿಗೆ ಕಲಿಸಿರಿ. ತಡವರಿಸಿದಲ್ಲಿ ಮಾತ್ರ ಪುಸ್ತಕವನ್ನು ತೆರೆಯಿರಿ. ಮರುದಿನ ಒಮ್ಮೆ, ವಾರದ ತರುವಾಯ ಮತ್ತೊಮ್ಮೆ ಹೀಗೆಯೇ ಮಾಡಿರಿ. ರಾತ್ರಿ ಸಾಕಷ್ಟು ನಿದ್ರಿಸಿರಿ. ತಡವರಿಸುವಾಗ ಆಗುವ ಕಷ್ಟವು ದಡ್ಡತನದ ಗುರುತಲ್ಲ. ದಾರಿಯು ತುಳಿಯಲ್ಪಡುತ್ತಿರುವುದರ ಗುರುತು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂಬ ನಮ್ಮ ಹಿರಿಯರ ಗಾದೆಗೆ ಶಾಸ್ತ್ರವೂ ಸಾಕ್ಷಿ ನುಡಿಯುತ್ತಿದೆ. ಇನ್ನು ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಓದುವ ಕ್ರಮವನ್ನು ಕಲಿಸಿ ನೋಡುವುದಕ್ಕೆ ಮುಂಚೆ, ಯಾವ ಬಾಲಿಕೆಯನ್ನೂ ವಿದ್ಯೆಗೆ ಅಯೋಗ್ಯಳೆಂದು ಶಾಲೆಯಿಂದ ಬಿಡಿಸದಿರಲಿ.