ಭದ್ರಾ ಹಿನ್ನೀರಿನಲ್ಲಿ ‘ಸಮುದ್ರದ ಹಕ್ಕಿ’ಗಳು: ಸುನಾಮಿಯ ಮುನ್ಸೂಚನೆಯೇ?

ನೀರಿನ ಮಧ್ಯೆ ಒಂದು ಬೋಳು ದಿಬ್ಬ. ಅದರ ಮೇಲೆ ಸಾವಿರಾರು ಬಿಳಿ ಹಕ್ಕಿಗಳು ಕಿರುಚುತ್ತಾ ಏಳುತ್ತವೆ, ಇಳಿಯುತ್ತವೆ. ವಿಡಿಯೊ ಕೆಳಗೆ ಒಂದು ಸಾಲು: ‘ಸಮುದ್ರದ ಹಕ್ಕಿಗಳು ಮಲೆನಾಡಿಗೆ ಬಂದಿವೆ, ಕಡಲಿನಲ್ಲಿ ಏನೋ ಆಗಲಿದೆ, ಎಲ್ಲರಿಗೂ ತಿಳಿಸಿ’. ಈ ಧಾಟಿಯ ಫಾರ್ವರ್ಡ್ ನಿಮ್ಮ ಮನೆಯವರ ಗುಂಪಿಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ವಿಡಿಯೊ ನಿಜವೇ ಇರಬಹುದು. ತಪ್ಪಿರುವುದು ಅದರ ಕೆಳಗಿನ ಸಾಲಿನಲ್ಲಿ.

ಹಾಗಾದರೆ ಅವು ಯಾವ ಹಕ್ಕಿಗಳು?

ತರೀಕೆರೆಯಿಂದ ಸುಮಾರು 20 ಕಿ.ಮೀ. ದೂರದ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಇದೆ. ಅದರ ಹಿನ್ನೀರಿನಲ್ಲಿ ಪ್ರತಿ ಬೇಸಿಗೆ ಸೇರುವ ಈ ಹಕ್ಕಿಯ ಹೆಸರು ರಿವರ್ ಟರ್ನ್. ಕನ್ನಡದಲ್ಲಿ ‘ಹೊಳೆ ರೀವ’ ಎಂದೂ ಕರೆಯುತ್ತಾರೆ. ತಲೆಗೆ ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ಕಡಲಕ್ಕಿಗಳಾದ ಗಲ್‌ಗಳ ಕುಟುಂಬಕ್ಕೇ ಸೇರಿದ್ದರಿಂದ ನೋಡಲು ಸಮುದ್ರದ ಹಕ್ಕಿಯಂತೆಯೇ ಕಾಣುತ್ತದೆ. ಗೊಂದಲ ಶುರುವಾಗುವುದು ಇಲ್ಲೇ. ಆದರೆ ಇದು ನದಿ, ಕೆರೆ, ಜಲಾಶಯಗಳ ಹಕ್ಕಿ. ಕಡಲಿನಿಂದ ಓಡಿ ಬಂದದ್ದಲ್ಲ, ಸಿಹಿನೀರೇ ಇದರ ಮನೆ.

ಇಷ್ಟೊಂದು ಹಕ್ಕಿಗಳು ಒಂದೇ ಕಡೆ ಸೇರುವುದಕ್ಕೆ ಕಾರಣ ಜಲಾಶಯದ ನೀರಿನ ಲೆಕ್ಕ. ಭದ್ರಾದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ತುಂಬಿದಾಗ ಒಳಗಿರುವ ಗುಡ್ಡಗಳು ಮುಳುಗುತ್ತವೆ. ನಾಲೆಗಳಿಗೆ ನೀರು ಬಿಡುತ್ತಾ ಬಂದ ಹಾಗೆ ಅವುಗಳ ನೆತ್ತಿ ಒಂದೊಂದಾಗಿ ಹೊರಗೆ ಕಾಣುತ್ತದೆ. ಸುತ್ತ ನೀರಿರುವುದರಿಂದ ಅಲ್ಲಿಗೆ ನರಿ, ನಾಯಿ ಸುಲಭವಾಗಿ ಬರಲಾರವು. ಮರಿ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ರೀವಗಳು ಗೂಡು ಕಟ್ಟುವುದಿಲ್ಲ. ಜಲ್ಲಿಕಲ್ಲಿನ ನೆಲದಲ್ಲೇ ಸಣ್ಣ ಕುಳಿ ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣ ಕಲ್ಲಿನ ಹಾಗೆಯೇ ಇರುತ್ತದೆ, ಎದುರಿಗಿದ್ದರೂ ಕಾಣುವುದಿಲ್ಲ. ಬಿಸಿಲು ಏರಿದಾಗ ತಾಯಿ-ತಂದೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತವೆ.

ಅಂದರೆ ಇವುಗಳ ಹಣೆಬರಹ ನೀರಿನ ಮಟ್ಟಕ್ಕೆ ಅಂಟಿಕೊಂಡಿದೆ. ನೀರು ತೀರಾ ಇಳಿದರೆ ದ್ವೀಪ ದಡಕ್ಕೆ ಸೇರಿಕೊಂಡು ಬೇಟೆಪ್ರಾಣಿಗಳಿಗೆ ದಾರಿಯಾಗುತ್ತದೆ. ಮುಂಗಾರಿನ ಒಳಹರಿವು ಬೇಗ ಬಂದರೆ ಮೊಟ್ಟೆ, ಹಾರಲಾರದ ಮರಿ ಎರಡೂ ಮುಳುಗುತ್ತವೆ. ಜಗತ್ತಿನಲ್ಲಿ ರಿವರ್ ಟರ್ನ್ ಸಂಖ್ಯೆ ಇಳಿಯುತ್ತಿದ್ದು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೆ ಗುರಿಯಾಗಬಹುದಾದ ಹಕ್ಕಿಗಳ ಪಟ್ಟಿಗೆ ಸೇರಿಸಿದೆ. ಫಾರ್ವರ್ಡ್‌ನವರು ಹೇಳಬೇಕಾಗಿದ್ದ ಸುದ್ದಿ ನನ್ನ ಪ್ರಕಾರ ಇದು.

ಕಡೂರು, ಅಜ್ಜಂಪುರ ಕಡೆಯ ಕೆರೆಗಳ ಮೇಲೆ ಚಳಿಗಾಲದಲ್ಲಿ ಇಂಥದೇ ಸಣ್ಣ ಹಕ್ಕಿ ಹಾರಾಡುವುದು ಕಂಡರೆ ಅದು ಬಹುಶಃ ವಿಸ್ಕರ್ಡ್ ಟರ್ನ್. ದೂರದಿಂದ ವಲಸೆ ಬರುವ ಅತಿಥಿ, ಅದೂ ಸಿಹಿನೀರಿನದ್ದೇ.

ನಿಜವಾದ ಕಡಲಕ್ಕಿ ಎಲ್ಲಿರುತ್ತದೆ?

ಅವನ್ನು ನೋಡಲು ಕರಾವಳಿಗೆ ಹೋದರೂ ಸಾಲದು, ಕಡಲಿನೊಳಗೆ ಹೋಗಬೇಕು. ಮಲ್ಪೆ, ಮಂಗಳೂರು ಕಡೆಯಿಂದ ಪಕ್ಷಿ ವೀಕ್ಷಕರು ಬೋಟಿನಲ್ಲಿ ದಡ ಕಾಣದಷ್ಟು ದೂರ ಹೋಗುವುದುಂಟು. ಅಲ್ಲಿ ಕಾಣಸಿಗುವ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಗುಬ್ಬಚ್ಚಿಗಿಂತ ತುಸು ದೊಡ್ಡದು ಅಷ್ಟೆ. ಮರಿ ಮಾಡುವುದು ಅಂಟಾರ್ಕ್ಟಿಕಾದ ಸುತ್ತಮುತ್ತ, ಆಮೇಲೆ ನಮ್ಮ ಅರಬ್ಬಿ ಸಮುದ್ರದವರೆಗೂ ಬರುತ್ತದೆ. ಕುಡಿಯುವುದು ಉಪ್ಪುನೀರು. ಕಣ್ಣಿನ ಮೇಲ್ಭಾಗದ ಗ್ರಂಥಿಗಳು ರಕ್ತದಲ್ಲಿನ ಹೆಚ್ಚುವರಿ ಉಪ್ಪನ್ನು ಸೋಸಿ ಮೂಗಿನ ಮೂಲಕ ಹೊರಹಾಕುತ್ತವೆ. ಇಂಥ ಹಕ್ಕಿಗೆ ನೆಲ ಬೇಕಾಗುವುದು ಮೊಟ್ಟೆ ಇಡಲು ಮಾತ್ರ.

ಆದರೂ ಕೆಲವೊಮ್ಮೆ ನಿಜವಾದ ಕಡಲಕ್ಕಿ ಒಳನಾಡಿನಲ್ಲಿ ಬಿದ್ದು ಸಿಗುತ್ತದೆ. ಮುಂಗಾರಿನ ಬಿರುಗಾಳಿ, ಚಂಡಮಾರುತಗಳು ಸೂಟಿ ಟರ್ನ್‌ನಂಥ ಹಕ್ಕಿಗಳನ್ನು ಎಳೆದು ತರುತ್ತವೆ. ಹೊಟ್ಟೆಗಿಲ್ಲದೆ ಸುಸ್ತಾಗಿ ಅವು ನೆಲಕ್ಕಿಳಿಯುತ್ತವೆ. ಜೂನ್, ಜುಲೈ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಳಸಮುದ್ರಕ್ಕೆ ಹೋಗುವವರೇ ಕಡಿಮೆ. ಹಾಗಾಗಿ ಕಡಲಿನಲ್ಲಿದ್ದಾಗ ಯಾರೂ ನೋಡಿರದ ಹಕ್ಕಿ ದಿಢೀರನೆ ಅಂಗಳದಲ್ಲಿ ಕಂಡಾಗ ‘ಏನೋ ಅಪಶಕುನ’ ಅನ್ನಿಸುತ್ತದೆ. ಅದು ಹೇಳುತ್ತಿರುವುದು ಈಗಾಗಲೇ ಬೀಸಿದ ಗಾಳಿಯ ಕಥೆ, ಮುಂದೆ ಬರುವುದರದ್ದಲ್ಲ.

ಸುನಾಮಿ ಮಾತು

ಹಕ್ಕಿಗಳಿಗೆ ನಮಗೆ ಕೇಳಿಸದ ಅತಿ ಮಂದ್ರ ಶಬ್ದಗಳು ಗೊತ್ತಾಗಬಹುದು ಎಂಬ ಬಗ್ಗೆ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಆದರೆ ಹಕ್ಕಿಯ ನಡವಳಿಕೆ ನೋಡಿ ಸುನಾಮಿ ಹೇಳುವ ವಿಧಾನ ಯಾವುದೂ ಸಾಬೀತಾಗಿಲ್ಲ. ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಹೈದರಾಬಾದಿನಲ್ಲಿದೆ. ಅದು ನೋಡುವುದು ಭೂಕಂಪ ಮಾಪಕಗಳು ಮತ್ತು ಸಮುದ್ರಮಟ್ಟ ಅಳೆಯುವ ಸಾಧನಗಳನ್ನು. ಇನ್ನು ಕಡೂರು ಇರುವುದು ಸಮುದ್ರಮಟ್ಟಕ್ಕಿಂತ 750 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ, ನಡುವೆ ಪಶ್ಚಿಮ ಘಟ್ಟ ಬೇರೆ. ಅಲ್ಲಿಗೆ ಸುನಾಮಿ ಬರುವ ಚಿಂತೆ ಬಿಡಬಹುದು!

ಈ ಫಾರ್ವರ್ಡ್‌ನಿಂದ ಹಾನಿ ಏನು?

‘ಕಳಿಸಿದರೆ ಏನು ಹೋಯ್ತು’ ಅಂತ ಕೇಳಬಹುದು. ಹಿಂದೆಂದೂ ಕಾಣದ ವಿಸ್ಮಯ ಎಂದು ಹರಡಿದರೆ ನೋಡಲು, ಹತ್ತಿರದಿಂದ ಚಿತ್ರೀಕರಿಸಲು ಜನ ಹೊರಡುತ್ತಾರೆ. ದ್ವೀಪಕ್ಕೆ ಒಬ್ಬ ಕಾಲಿಟ್ಟರೂ ಇಡೀ ಹಿಂಡು ಏಳುತ್ತದೆ. ಬೇಸಿಗೆಯ ಕಾದ ಕಲ್ಲಿನ ಮೇಲೆ ನೆರಳಿಲ್ಲದ ಮೊಟ್ಟೆ ಬೇಗ ಕೆಡುತ್ತದೆ, ಅಷ್ಟರಲ್ಲಿ ಕಾಗೆ, ಹದ್ದುಗಳೂ ಇಳಿಯುತ್ತವೆ. ಕಲ್ಲಿನ ಬಣ್ಣದ ಮೊಟ್ಟೆಯನ್ನು ನಾವೇ ತುಳಿಯುವ ಸಾಧ್ಯತೆಯೂ ಇದೆ. ಈ ಹಿನ್ನೀರು 1998ರಲ್ಲಿ ಘೋಷಣೆಯಾದ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿದೆ. ತೆಪ್ಪ ಹಿಡಿದು ಸ್ವಂತವಾಗಿ ಹೋಗುವುದು, ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಕಾನೂನಿನ ತೊಡಕನ್ನೂ ತರುತ್ತದೆ. ನೋಡಲೇಬೇಕೆಂದರೆ ಲಕ್ಕವಳ್ಳಿಯಿಂದ ಅಧಿಕೃತ ಬೋಟ್ ಸಫಾರಿ ಇದೆ. ದ್ವೀಪದ ಮೇಲೆ ಇಳಿಯದೆ, ಬೈನಾಕ್ಯುಲರ್ ಇಟ್ಟುಕೊಂಡು ದೂರದಿಂದ ನೋಡಿದರೆ ಮರಿಗೆ ಮೀನು ತಿನ್ನಿಸುವುದೂ ಕಾಣುತ್ತದೆ.

ಮಳೆಗಾಲದಲ್ಲಿ ಸುಸ್ತಾದ ಕಡಲಕ್ಕಿ ಸಿಕ್ಕರೆ ಬಾಯಿಗೆ ನೀರು ಸುರಿಯಬೇಡಿ, ಅನ್ನ ತುರುಕಬೇಡಿ, ಮೇಲಕ್ಕೆ ಎಸೆದು ಹಾರಿಸಲು ನೋಡಬೇಡಿ. ಗಾಳಿಯಾಡುವಂತೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಗದ್ದಲವಿಲ್ಲದ ಕಡೆ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.