ಎರಡೇ ಎಂಜಿನ್, ಕೆಳಗೆ ಸಾಗರ

ಪ್ರಶ್ನೆ: ಎರಡೇ ಎಂಜಿನ್‌ಗಳ ವಿಮಾನ ಸಾಗರ ದಾಟುವುದು ಅಪಾಯವಲ್ಲವೇ? ನಾಲ್ಕಿದ್ದರೆ ವಾಸಿಯಲ್ಲವೇ?

ಉತ್ತರ: ಒಂದು ಕೆಟ್ಟರೆ ಮೂರು ಉಳಿಯುತ್ತವೆ ಎಂಬ ಲೆಕ್ಕ ನಡೆಯುವುದು ಪ್ರತಿ ಎಂಜಿನ್ ತನ್ನದೇ ಕಾರಣಕ್ಕೆ ಕೆಟ್ಟಾಗ ಮಾತ್ರ. 1982ರಲ್ಲಿ ಜಾವಾ ಬಳಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಾಗ ನಾಲ್ಕೂ ನಿಂತವು. ಬೂದಿಯಿಂದ ಹೊರಬಂದ ಮೇಲೆ ಮತ್ತೆ ಚಾಲೂ ಆದವು. 2001ರ ಆಗಸ್ಟ್‌ನಲ್ಲಿ ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್ ಟ್ರಾನ್ಸಾಟ್‌ನ ಎರಡು ಎಂಜಿನ್‌ಗಳ ಏರ್‌ಬಸ್‌ನದು ಇನ್ನೊಂದು ಕಥೆ. ಬಲಗಡೆಯ ಎಂಜಿನ್‌ಗೆ ಹೊಂದದ ಬಿಡಿಭಾಗ ಕೂರಿಸಿದ್ದರಿಂದ ಪೈಪುಗಳು ಒಂದಕ್ಕೊಂದು ಉಜ್ಜಿ ಇಂಧನ ಸೋರತೊಡಗಿತು. ಎರಡು ರೆಕ್ಕೆಗಳ ಇಂಧನದಲ್ಲಿ ವ್ಯತ್ಯಾಸ ಕಂಡ ಪೈಲಟ್‌ಗಳು ಅದನ್ನು ಸರಿದೂಗಿಸಲು ಕವಾಟ ತೆರೆದರು. ಎಡಗಡೆಯದೂ ಸೋರಿಹೋಯಿತು! ಇಂಧನವೇ ಇಲ್ಲದ ಮೇಲೆ ಎಂಜಿನ್ ಎಷ್ಟಿದ್ದರೇನು? ಸುಮಾರು 19 ನಿಮಿಷ ತೇಲಿಬಂದ ವಿಮಾನ ಅಜೋರ್ಸ್ ದ್ವೀಪಸಮೂಹದ ಒಂದು ದ್ವೀಪದಲ್ಲಿ ಇಳಿಯಿತು. 306 ಮಂದಿಯೂ ಬದುಕಿದರು.

ಹತ್ತಿರ ದ್ವೀಪವಿದ್ದದ್ದು ಅದೃಷ್ಟ ಎನ್ನಬಹುದು. ಅರ್ಧ ನಿಜ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಿಂದಲೇ ನಿಗದಿತ ಸಮಯದಲ್ಲಿ, ಉದಾಹರಣೆಗೆ 120 ಅಥವಾ 180 ನಿಮಿಷಗಳಲ್ಲಿ, ಯಾವುದಾದರೂ ನಿಲ್ದಾಣ ತಲುಪುವಂತೆ ಎರಡು ಎಂಜಿನ್‌ಗಳ ವಿಮಾನಗಳ ದಾರಿ ಹಾಕಿರುತ್ತಾರೆ. ಎರಡೂ ನಿಂತರೆ ಮಾತ್ರ ಆ ನಿಯಮ ಕಾಯುವುದಿಲ್ಲ, ಒಪ್ಪಬೇಕು. ಆದರೆ 2009ರಲ್ಲಿ ಅಟ್ಲಾಂಟಿಕ್‌ಗೆ ಬಿದ್ದು 228 ಮಂದಿಯನ್ನು ಬಲಿ ತೆಗೆದುಕೊಂಡ ಏರ್ ಫ್ರಾನ್ಸ್ ವಿಮಾನದ ಎಂಜಿನ್‌ಗಳು ಕೊನೆಯವರೆಗೂ ಓಡುತ್ತಿದ್ದವು. ಅದು ಬಿದ್ದ ಕಾರಣವೇ ಬೇರೆ: ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿತ್ತು, ಪೈಲಟ್ ವಿಮಾನದ ಮೂತಿ ಮೇಲೆತ್ತಿದ್ದರು. ಟಿಕೆಟ್ ಕೊಳ್ಳುವಾಗ ಎಂಜಿನ್ ಎಣಿಸುವ ಅಗತ್ಯವಿಲ್ಲ.